ಕಿಡಿಯೂ ನುಡಿಯೂ

ಶಬ್ದವು ಆಕಾಶದ ಗುಣವೆಂದು ವೈಶೇಷಿಕರು ಹೇಳುತ್ತಾರೆ. ಹುಟ್ಟಿದ ಶಬ್ದವು ದೂರದಲ್ಲಿರುವವನ ಕಿವಿಯನ್ನು ಹೇಗೆ ಬಂದು ಮುಟ್ಟುತ್ತದೆಂಬುದಕ್ಕೆ ಅವರಲ್ಲಿ ಎರಡು ದೃಷ್ಟಾಂತಗಳುಂಟು. ಕಲ್ಲು ಬಿದ್ದ ಕೊಳದಲ್ಲಿ ಅಲೆಯಿಂದ ಅಲೆ ಹುಟ್ಟಿ ದಡ ಸೇರುವಂತೆ ಎಂಬುದು ವೀಚೀತರಂಗ ನ್ಯಾಯ. ಕದಂಬದ ಮೊಗ್ಗು ಒಮ್ಮೆಗೇ ಎಲ್ಲ ದಿಕ್ಕಿಗೂ ಬಿರಿಯುವಂತೆ ಎಂಬುದು ಕದಂಬಮುಕುಲ ನ್ಯಾಯ. ಇವುಗಳನ್ನು ಮುಂದಿಟ್ಟುಕೊಂಡು ಪೂರ್ವಿಕರಿಗೆ ರೇಡಿಯೋ ತಿಳಿದಿತ್ತೆಂದು ಸಾಧಿಸಹೊರಡುವವರೂ ಇದ್ದಾರೆ. ಅದು ಶಾಸ್ತ್ರಕ್ಕೂ ಗೌರವವಲ್ಲ, ಯಂತ್ರಕ್ಕೂ ಗೌರವವಲ್ಲ. ರೇಡಿಯೋದಲ್ಲಿ ಸಾಗಿ ಬರುವುದು ಶಬ್ದವೇ ಅಲ್ಲ, ವಿದ್ಯುತ್ಕಾಂತ ತರಂಗ. ಶಬ್ದವು ಕೇಳುವವನ ಪೆಟ್ಟಿಗೆಯಲ್ಲಿ ಮರಳಿ ಹುಟ್ಟತಕ್ಕದ್ದು. ಆದರೂ ಕದಂಬದ ಮೊಗ್ಗಿನ ಮಾತು ಒಂದು ಕಡೆ ಬಹಳ ಚೆನ್ನಾಗಿ ಹೊಂದುತ್ತದೆ: ಹಳೆಯ ಮೋಟಾರುಬಂಡಿಯ ಕಿಡಿಯಲ್ಲಿ. ಆ ಕಿಡಿಯ ಉಪದ್ರವವೂ ಅದನ್ನು ಅಡಗಿಸಿದ ಬಗೆಯೂ ಸಂಪಾಜೆಯ ಒಂದು ಮನೆಯಲ್ಲಿ ಹೇಗೆ ನಡೆದುವೆಂಬುದೇ ಇಲ್ಲಿಯ ಪ್ರಸ್ತಾವ.

ಸಂಪಾಜೆಯು ಕೊಡಗಿನ ಪಡುವಣ ಬಾಗಿಲು. ಮಡಿಕೇರಿಯು ಸಮುದ್ರಮಟ್ಟದಿಂದ 1,100 ಮೀಟರಿಗೂ ಮಿಕ್ಕ ಎತ್ತರದಲ್ಲಿದೆ. ಅಲ್ಲಿಂದ ಮದೆನಾಡು, ಜೋಡುಪಾಲ, ಕೊಯನಾಡುಗಳನ್ನು ದಾಟಿ ಘಾಟಿಯ ರಸ್ತೆಯು ಪಯಸ್ವಿನಿಯ ಜೊತೆಗೆ ಇಳಿದು ಇಲ್ಲಿ ಸಮತಟ್ಟನ್ನು ಕಾಣುತ್ತದೆ. ಊರಿನಾಚೆಗೆ ಸುಳ್ಯದ ಸೀಮೆ. ಅಡಕೆ, ರಬ್ಬರು, ಕಾಡು, ಮಳೆ. ಮಳೆಗಾಲದಲ್ಲಿ ಎದುರುಮನೆಯವರ ಕೂಗೂ ಕೇಳಿಸದಷ್ಟು ಮಳೆ. ಇಂತಹ ಊರಿನಲ್ಲಿ ಅಂಚೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು, ಒಂದು ಮಾರಿಸ್ ಮೈನರ್ ಗಾಡಿಯನ್ನು ಐವತ್ತು ವರ್ಷಗಳಿಗೂ ಮೇಲ್ಪಟ್ಟು ಕಾಪಾಡಿಕೊಂಡು ಬಂದಿದ್ದರು. ಕಾಫಿ ತೋಟದ ದೊರೆಯೊಬ್ಬನು ಊರಿಗೆ ಮರಳುವಾಗ ಮಾರಿ ಹೋದ ಗಾಡಿ ಅದು. ಕೊಳ್ಳುವಾಗಲೇ ಅದರಲ್ಲಿ ವಾಲ್ವಿನ ರೇಡಿಯೋ ಒಂದಿತ್ತು. ಆ ಕಾಲದಲ್ಲಿ ರೇಡಿಯೋ ಇಟ್ಟುಕೊಳ್ಳುವುದಕ್ಕೆ ಲೈಸೆನ್ಸ್ ಬೇಕು. ಅದನ್ನು ವರ್ಷ ವರ್ಷವೂ ನವೀಕರಿಸುವುದು ಅಂಚೆ ಕಚೇರಿಯಲ್ಲಿ. ಹೀಗಾಗಿ 1980ರ ದಶಕದ ನಡುವೆ ಲೈಸೆನ್ಸಿನ ಕಟ್ಟುಪಾಡು ರದ್ದಾಗುವವರೆಗೂ ಈ ಹಿರಿಯರು ತಮ್ಮ ಪುಸ್ತಕಕ್ಕೆ ತಮ್ಮ ಕಚೇರಿಯಲ್ಲಿಯೇ ಹಣ ಕಟ್ಟಿ ಮುದ್ರೆ ಒತ್ತಿಸಿಕೊಳ್ಳುತ್ತಿದ್ದರು. ಒಂದು ವರ್ಷವೂ ತಪ್ಪಿಸಿದವರಲ್ಲ. ಪುಸ್ತಕವು ಈಗಲೂ ಗಾಡಿಯ ಕಪಾಟಿನಲ್ಲಿದೆ.

ಹಣ ಕಟ್ಟಿದ್ದಕ್ಕೆ ತಕ್ಕ ಸುಖ ಆ ಪೆಟ್ಟಿಗೆಯಿಂದ ದೊರೆಯಿತೆನ್ನುವಂತಿಲ್ಲ. ಗಾಡಿ ನಿಂತಿರುವಾಗ ರೇಡಿಯೋ ಮಾತನಾಡುತ್ತಿತ್ತು. ಎಂಜಿನು ಹೊರಟೊಡನೆ ಮಾತು ಹುರಿಗಡಲೆಯ ಬಾಣಲೆಯೊಳಗೆ ಬೀಳುತ್ತಿತ್ತು. ವಯಸ್ಸು ಎಂಬತ್ತು ದಾಟಿದ ಮೇಲೆ ಕಷ್ಟ ಇನ್ನೊಂದು ಬಗೆಯಲ್ಲಿ ಬಂದಿತು. ಮಗನು ಗಾಡಿ ನಡೆಸುವುದು, ತಂದೆಯು ಪಕ್ಕದಲ್ಲಿ ಕುಳಿತು ಬೆಳಗಿನ ಪ್ರದೇಶ ಸಮಾಚಾರವನ್ನು ಕೇಳಲು ಯತ್ನಿಸುವುದು, ಕೇಳದೆ ಸಿಡುಕುವುದು, "ಅಪ್ಪನಿಗೆ ಕಿವಿ ಮಂದವಾಯಿತು" ಎಂದು ಮನೆಯವರು ತಮ್ಮತಮ್ಮಲ್ಲಿ ಆಡಿಕೊಳ್ಳುವುದು. ಮಾತು ಅವರ ಕಿವಿಗೂ ಬಿತ್ತು. ಮಂದವಾದ ಕಿವಿಗೆ ಇಂತಹ ಮಾತು ಮಾತ್ರ ಹೇಗೋ ಬೀಳುತ್ತದೆ. ಅಂದಿನಿಂದ ಅವರು ಗಾಡಿಯಲ್ಲಿ ರೇಡಿಯೋದ ಗುಂಡಿಯನ್ನು ಮುಟ್ಟಲಿಲ್ಲ. ಕ್ರಮೇಣ ಮನೆಯಲ್ಲಿಯೂ ಮಾತು ಕಡಮೆಯಾಯಿತು. ಕೇಳಿಸದವನೆಂದು ಒಮ್ಮೆ ಹೆಸರಾದವನು ಆಡುವುದನ್ನೂ ಬಿಡುತ್ತಾನೆ. ಇದು ಎಷ್ಟೋ ಮನೆಗಳಲ್ಲಿ ಕಾಣುವ ಸಂಗತಿ.

2017ನೆಯ ಇಸವಿಯಲ್ಲಿ ಮಗನು ಇದನ್ನು ಪರೀಕ್ಷಿಸಿ ನೋಡಬೇಕೆಂದು ಹೊರಟನು. ಮನೆಯ ಜಗಲಿಯಲ್ಲಿ ಸಣ್ಣ ಟ್ರಾನ್ಸಿಸ್ಟರಿನ ಮಾತು ತಂದೆಗೆ ಚೆನ್ನಾಗಿ ಕೇಳುತ್ತದೆ. ನಿಂತ ಗಾಡಿಯಲ್ಲಿಯೂ ಕೇಳುತ್ತದೆ. ಎಂಜಿನು ತಿರುಗುವಾಗ ಮಾತ್ರ ಕೇಳದು. ಯಾವುದು ಇದ್ದರೆ ದೋಷ ಇರುತ್ತದೆಯೋ, ಯಾವುದು ಇಲ್ಲದಿದ್ದರೆ ದೋಷ ಇರುವುದಿಲ್ಲವೋ, ಅದೇ ಕಾರಣ. ತರ್ಕಶಾಸ್ತ್ರದಲ್ಲಿ ಇದನ್ನೇ ಅನ್ವಯ-ವ್ಯತಿರೇಕವೆನ್ನುವುದು. ಕಿವಿಯು ಅಪರಾಧಿಯಲ್ಲವೆಂದು ಇಷ್ಟರಿಂದಲೇ ತೀರಿತು. ಪೂರ್ತಿಯಾಗಿ ನಿರಪರಾಧಿಯೆಂದೂ ಅಲ್ಲ: ವಯಸ್ಸಾದ ಕಿವಿಯು ಶಾಂತವಾದ ಕೋಣೆಯಲ್ಲಿ ಹಿಡಿಯುವ ಮಾತನ್ನು ಗದ್ದಲದ ನಡುವೆ ಹಿಡಿಯಲಾರದು. ಎಳೆಯ ಕಿವಿಯಾದರೋ ಗದ್ದಲದಿಂದ ಮಾತನ್ನು ಹೆಕ್ಕಿ ತೆಗೆದುಕೊಳ್ಳುತ್ತದೆ. ಆದುದರಿಂದಲೇ ಮಗನಿಗೆ ಅಷ್ಟಾಗಿ ತೊಂದರೆಯೆನಿಸದಿದ್ದುದು ತಂದೆಗೆ ಗೋಡೆಯಾಗಿತ್ತು.

ಇನ್ನು ಆ ಗದ್ದಲವೆಂದರೇನು? ಪೆಟ್ರೋಲಿನ ಗಾಡಿ ನಡೆಯುವುದು ಕಿಡಿಯಿಂದ. ಬ್ಯಾಟರಿಯ 12 ವೋಲ್ಟಿನ ವಿದ್ಯುತ್ತು ಕಾಯಿಲಿನ ದಪ್ಪ ಸುರುಳಿಯಲ್ಲಿ ಹರಿಯುತ್ತಿರುತ್ತದೆ. ಪಾಯಿಂಟು ಎಂಬ ಸಣ್ಣ ತುಟಿಗಳು ತೆರೆದೊಡನೆ ಆ ಹರಿವು ಕಡಿಯುತ್ತದೆ; ಕಡಿದ ಕ್ಷಣದಲ್ಲಿ ಅದೇ ಕಾಯಿಲಿನ ಸಣ್ಣ ಎಳೆಯ ಸುರುಳಿಯಲ್ಲಿ ಹತ್ತು ಸಾವಿರ ವೋಲ್ಟಿಗೂ ಮಿಕ್ಕ ಒತ್ತಡ ಹುಟ್ಟುತ್ತದೆ. ಅದು ಡಿಸ್ಟ್ರಿಬ್ಯೂಟರಿನಲ್ಲಿ ಸುತ್ತುವ ರೋಟರಿನ ತುದಿಯಿಂದ ಒಮ್ಮೆ ಹಾರಿ, ಪ್ಲಗ್ಗಿನ ಬಾಯಲ್ಲಿ ಇನ್ನೊಮ್ಮೆ ಹಾರಿ, ಪೆಟ್ರೋಲಿನ ಆವಿಯನ್ನು ಹೊತ್ತಿಸುತ್ತದೆ. ನಾಲ್ಕು ಸಿಲಿಂಡರಿನ ಎಂಜಿನಿನಲ್ಲಿ ಒಂದು ಸುತ್ತಿಗೆ ಎರಡು ಸಲ ಹೀಗೆ ನಡೆಯಬೇಕು. ನಿಮಿಷಕ್ಕೆ 3,000 ಸುತ್ತಾದರೆ ಸೆಕೆಂಡಿಗೆ 100 ಸಲ. ಒಂದೊಂದು ಹಾರಿಕೆಯೂ ಒಂದೊಂದು ಕದಂಬದ ಮೊಗ್ಗು: ಒಂದು ತರಂಗವನ್ನಲ್ಲ, ನಾನಾ ಕಂಪನಸಂಖ್ಯೆಯ ತರಂಗಗಳನ್ನು ಒಟ್ಟಿಗೇ ದಶದಿಕ್ಕಿಗೂ ಚೆಲ್ಲುತ್ತದೆ. ಪ್ಲಗ್ಗಿಗೆ ಹೋಗುವ ಉದ್ದನೆಯ ತಂತಿಗಳೇ ಅದಕ್ಕೆ ಏರಿಯಲ್ಲಾಗಿ ನಿಲ್ಲುತ್ತವೆ. ಮಂಗಳೂರು ಆಕಾಶವಾಣಿಯು 1,089 ಕಿಲೋಹರ್ಟ್ಸಿನಲ್ಲಿ ಕಳುಹಿಸಿದ ಮಾತು ಎಷ್ಟೋ ಗುಡ್ಡಗಳನ್ನು ದಾಟಿ, ದಣಿದು ಬಂದು, ಗಾಡಿಯ ಏರಿಯಲ್ಲನ್ನು ಮುಟ್ಟುವಷ್ಟರಲ್ಲಿ, ಒಂದು ಮಾರು ದೂರದಲ್ಲಿಯೇ ಸೆಕೆಂಡಿಗೆ ನೂರು ಸಲ ಸಿಡಿಯುವ ಈ ನೆರೆಮನೆಯವನ ಅಬ್ಬರ ಅದರ ಮೇಲೆ ಬೀಳುತ್ತದೆ. ಮಧ್ಯಮ ತರಂಗದ ಪ್ರಸಾರದಲ್ಲಿ ಮಾತಿನ ರೂಪವು ಅಲೆಯ ಎತ್ತರ ತಗ್ಗಿನಲ್ಲಿ ಅಡಗಿರುವುದರಿಂದ, ಎತ್ತರವನ್ನು ಕೆಡಿಸುವ ಯಾವ ಸಿಡಿತವೂ ಮಾತಿನ ಜೊತೆಗೆ ಒಳಗೆ ನುಗ್ಗುತ್ತದೆ. ಎಫ್.ಎಂ. ಎಂಬ ಹೊಸ ಬಗೆಯಲ್ಲಿ ಮಾತು ಕಂಪನದ ವೇಗದ ಬದಲಾವಣೆಯಲ್ಲಿದೆ; ಎತ್ತರದ ಏರಿಳಿತವನ್ನು ಪೆಟ್ಟಿಗೆಯೇ ಕತ್ತರಿಸಿ ಬಿಸಾಡುತ್ತದೆ. ಆದರೆ ಎಫ್.ಎಂ. ಬಹುಮಟ್ಟಿಗೆ ನೇರವಾಗಿ ಹೋಗತಕ್ಕದ್ದು. ಘಾಟಿಯ ಒಂದು ತಿರುವಿನಲ್ಲಿ ಕೇಳಿದ್ದು ಮುಂದಿನ ತಿರುವಿನಲ್ಲಿ ಇಲ್ಲ.

ಇಲ್ಲಿ ಒಂದು ಸ್ವಾರಸ್ಯವುಂಟು. ರೇಡಿಯೋವಿಗೆ ಶತ್ರುವಾಗಿ ನಿಂತ ಈ ಕಿಡಿಯೇ ರೇಡಿಯೋದ ಮೂಲಪುರುಷ. 1887-88ರಲ್ಲಿ ಜರ್ಮನಿಯ ಹೈನ್‌ರಿಖ್ ಹರ್ಟ್ಸನು ಇಂತಹ ಕಿಡಿಯನ್ನೇ ಹಾರಿಸಿ, ದೂರದಲ್ಲಿಟ್ಟ ತಂತಿಯ ಬಳೆಯಲ್ಲಿ ಮರುಕಿಡಿಯನ್ನು ಕಂಡನು. 1895ರಲ್ಲಿ ಕಲಕತ್ತೆಯಲ್ಲಿ ಜಗದೀಶಚಂದ್ರ ಬೋಸರು ಗೋಡೆಗಳ ಆಚೆಯಿಂದ ಗಂಟೆ ಬಾರಿಸಿ ಮದ್ದನ್ನು ಸಿಡಿಸಿದ್ದೂ ಕಿಡಿಯಿಂದ ಹುಟ್ಟಿದ ತರಂಗಗಳಿಂದಲೇ. 1912ರಲ್ಲಿ ಮುಳುಗುತ್ತಿದ್ದ ಟೈಟಾನಿಕ್ ಹಡಗು ನೆರವಿಗಾಗಿ ಮೊರೆಯಿಟ್ಟದ್ದು ಕಿಡಿಯ ಯಂತ್ರದಿಂದ. ಮುಂದೆ ವಾಲ್ವುಗಳು ಬಂದು, ಒಂದೇ ಶ್ರುತಿಯ ಶುದ್ಧವಾದ ತರಂಗವು ಸಾಧ್ಯವಾಯಿತು. ಎಲ್ಲ ಶ್ರುತಿಗಳನ್ನೂ ಒಮ್ಮೆಗೇ ಕೂಗುವ ಕಿಡಿಯು ಸಭೆಯಿಂದ ಹೊರಹಾಕಲ್ಪಟ್ಟಿತು. ಹಾಗೆ ಹೊರಬಿದ್ದ ಮುದುಕನು ಮೋಟಾರಿನ ಬಾನೆಟ್ಟಿನ ಕೆಳಗೆ ಆಶ್ರಯ ಪಡೆದು, ಅಲ್ಲಿಂದ ಮೊಮ್ಮಕ್ಕಳ ಮಾತಿಗೆ ಅಡ್ಡ ಬಾಯಿ ಹಾಕುತ್ತಿದ್ದಾನೆಂದು ಹೇಳಬಹುದು. 1930ರಲ್ಲಿ ಅಮೆರಿಕದ ಪಾಲ್ ಗ್ಯಾಲ್ವಿನ್ ಎಂಬಾತನು ಮೋಟರೋಲಾ ಎಂಬ ಹೆಸರಿನಿಂದ ಗಾಡಿಯ ರೇಡಿಯೋವನ್ನು ಮಾರಹೊರಟಾಗ, ಅವನ ಜೊತೆಗಾರರಿಗೆ ಎದುರಾದ ದೊಡ್ಡ ತೊಡಕು ಇದೇ. ಗದ್ದಲದ ಒಂದೊಂದು ಮೂಲವನ್ನೂ ಹುಡುಕಿ ಒಂದೊಂದಾಗಿ ಅಡಗಿಸಬೇಕಾಯಿತು. 1934ರಲ್ಲಿ ಪ್ಯಾರಿಸಿನಲ್ಲಿ ಈ ಉಪದ್ರವದ ವಿಚಾರಕ್ಕೆಂದೇ ಅಂತರರಾಷ್ಟ್ರೀಯ ಸಮಿತಿಯೊಂದು ಕೂಡಿತು. ಅದರ ಮರುವರ್ಷ, ಎಂದರೆ 1935ರ ಸೆಪ್ಟೆಂಬರ್ 10ರಂದು, ಮೈಸೂರಿನಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ 30 ವ್ಯಾಟಿನ ಪ್ರಸಾರ ಕೇಂದ್ರವನ್ನು ತೆರೆದರು. ಆಕಾಶವಾಣಿಯೆಂಬ ಹೆಸರು ಆ ಮನೆಯಿಂದ ಹೊರಟು ಕಡೆಗೆ ದೇಶಕ್ಕೇ ನಿಂತಿತು. 30 ವ್ಯಾಟು ಎಂದರೆ ಮನೆಯ ಮೂಲೆಯಲ್ಲಿ ಉರಿಯುವ ಒಂದು ಮಂದ ದೀಪದ ಶಕ್ತಿ. ಅಂತಹ ಸಣ್ಣ ದನಿಯನ್ನು ಕೇಳಬೇಕಾದರೆ ಸುತ್ತಣ ಮೌನ ಎಷ್ಟಿರಬೇಕು!

ಮಗನು ಸುಳ್ಯದ ಕಡೆಯ ವಯಸ್ಸಾದ ಮೇಸ್ತ್ರಿಯೊಬ್ಬನನ್ನು ಕರೆತಂದನು. ಈತನು ಸ್ಪ್ಯಾನರನ್ನು ಕೈಗೆ ತೆಗೆದುಕೊಳ್ಳುವುದಕ್ಕೆ ಮುನ್ನ ಅರ್ಧ ಗಂಟೆಯ ಕಾಲ ಸುಮ್ಮನೆ ಕುಳಿತು ಕೇಳಿದನು. ಇದು ಮೆಚ್ಚತಕ್ಕ ಗುಣ. ಇದಕ್ಕೆ ಹಿಂದೆ ಬಂದಿದ್ದ ಇನ್ನೊಬ್ಬನು ಕೇಳದೆಯೇ ಕಂಡೆನ್ಸರೊಂದನ್ನು ಕಾಯಿಲಿನ ಪಾಯಿಂಟಿನ ಕಡೆಯ ಮೊಳೆಗೆ ಕಟ್ಟಿಹೋಗಿದ್ದನು. ಗದ್ದಲ ಅಡಗಲಿಲ್ಲ, ಕಿಡಿ ಮಾತ್ರ ಸೊರಗಿ, ಗಾಡಿಯು ಘಾಟಿಯ ನಡುವೆ ನಿಂತುಹೋಯಿತು. ಹಿರಿಯರು ಅದನ್ನು ಮರೆತಿರಲಿಲ್ಲ.

ಮೇಸ್ತ್ರಿಯ ಕೇಳುವಿಕೆಯ ಕ್ರಮ ಹೀಗಿತ್ತು. ಮೊದಲು ಏರಿಯಲ್ಲಿನ ತಂತಿಯನ್ನು ರೇಡಿಯೋದಿಂದ ಕಳಚಿದನು. ಸಿಡಿತದ ಹೆಚ್ಚಿನ ಪಾಲು ಅಡಗಿತು. ಎಂದರೆ ಅದು ಗಾಳಿಯ ದಾರಿಯಿಂದ ಬರತಕ್ಕದ್ದು. ಸಣ್ಣನೆಯ ಒಂದು ಕೊರಗು ಮಾತ್ರ ಉಳಿಯಿತು. ಅದು ಬ್ಯಾಟರಿಯ ತಂತಿಯೊಳಗಿನಿಂದಲೇ ಬರುವುದು. ಬಳಿಕ ಎಂಜಿನನ್ನು ಜೋರಾಗಿ ತಿರುಗಿಸಿ ಥಟ್ಟನೆ ಕೀಲಿಯನ್ನು ಆರಿಸಿದನು. (ರೇಡಿಯೋದ ತಂತಿ ನೇರವಾಗಿ ಬ್ಯಾಟರಿಗಿದ್ದುದರಿಂದ ಪೆಟ್ಟಿಗೆ ಆರಲಿಲ್ಲ.) ಟಕಟಕನೆಯ ಸಿಡಿತವು ಅದೇ ಕ್ಷಣ ನಿಂತಿತು: ಅದು ಕಿಡಿಯದು. ಕೊರಗು ಎಂಜಿನಿನ ಕೊನೆಯ ಸುತ್ತಿನವರೆಗೂ ಇಳಿದು ಇಳಿದು ನಿಂತಿತು: ಅದು ಡೈನಮೋದ್ದು. ಕೀಲಿ ಹಾಕಿ ಎಂಜಿನು ಹೊರಡಿಸದೆ ಇದ್ದಾಗ ನಾಲ್ಕಾರು ಸಲ 'ಟಿಕ್, ಟಿಕ್' ಎಂದು ಕೇಳಿ ಸುಮ್ಮನಾಗುವುದು ಪೆಟ್ರೋಲ್ ಪಂಪಿನದು; ಈ ಗಾಡಿಯ ಪಂಪಿನಲ್ಲಿಯೂ ಪಾಯಿಂಟುಗಳುಂಟು. ಕ್ರಮವಿಲ್ಲದ ಗೀರು ಕಟೌಟಿನದು. ಇವಿಷ್ಟನ್ನೂ ಬಿಡಿಸಿದ ಮೇಲೆಯೂ ಕೊಳಲಿನ ಬಿರುಕಿನಂತಹ ಒಂದು ಸೀಟಿ ಉಳಿದಿತ್ತು. ಎಂಜಿನು ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಮೇಸ್ತ್ರಿ ಬಹಳ ಹೊತ್ತು ತಲೆ ಕೆರೆದುಕೊಂಡನು. ಕಡೆಗೆ ನೋಡಿದರೆ, ಮಗನು ಮೊಬೈಲಿಗೆಂದು ಗಾಡಿಯಲ್ಲಿ ಸಿಕ್ಕಿಸಿದ್ದ ಚಾರ್ಜರು! ಅದರೊಳಗೆ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಕೂಡಿಸುವ ಸ್ವಿಚ್ಚು ಇರುವುದಷ್ಟೆ. ಐವತ್ತು ವರ್ಷದ ಮುದಿ ಗಾಡಿಯ ಮೇಲೆ ಹೊರಿಸಿದ್ದ ದೂರಿನಲ್ಲಿ ಒಂದು ಪಾಲು ನಿನ್ನೆ ಮೊನ್ನೆ ಬಂದ ಹೆಬ್ಬೆಟ್ಟಿನಷ್ಟು ವಸ್ತುವಿಗೆ ಸಲ್ಲತಕ್ಕುದಾಗಿತ್ತು. ಹಿರಿಯರು ಆ ದಿನ ಮೊದಲ ಸಲ ನಕ್ಕರು.

ಮದ್ದು ಹೇಳುವುದು ಸುಲಭ. ಡಿಸ್ಟ್ರಿಬ್ಯೂಟರಿನ ನಡುವಣ ತಂತಿಗೆ ಹತ್ತು ಸಾವಿರ ಓಮ್ ತಡೆಯ ಒಂದು ರೆಸಿಸ್ಟರು. ಪ್ಲಗ್ಗುಗಳ ಟೊಪ್ಪಿಗೆಗಳಲ್ಲಿ ಐದೈದು ಸಾವಿರ ಓಮಿನವು. ಕಿಡಿಯ ತಂತಿಯಲ್ಲಿ ಹುಟ್ಟುವ ಅತಿವೇಗದ ಕಂಪನವನ್ನು ಈ ತಡೆಗಳು ಹೀರಿಬಿಡುತ್ತವೆ. ಕಾಯಿಲಿಗೆ ಬ್ಯಾಟರಿಯ ಕಡೆಯಿಂದ ಬರುವ ಮೊಳೆಗೆ ಒಂದು ಮೈಕ್ರೋಫ್ಯಾರಡಿನ ಕಂಡೆನ್ಸರು, ಡೈನಮೋದ ದೊಡ್ಡ ಮೊಳೆಗೆ ಅಂತಹದೇ ಇನ್ನೊಂದು. ಡೈನಮೋದ ಸಣ್ಣ ಮೊಳೆಯನ್ನು, ಎಂದರೆ ಫೀಲ್ಡಿನದನ್ನು, ಮುಟ್ಟಲಾಗದು; ಅಲ್ಲಿಗೆ ಕಟ್ಟಿದರೆ ಕಟೌಟಿನ ಪೆಟ್ಟಿಗೆಯ ತುಟಿಗಳು ಸುಟ್ಟುಹೋಗುತ್ತವೆ. ಸವೆದ ಕಾರ್ಬನ್ನುಗಳ ಬದಲಾವಣೆ. ಏರಿಯಲ್ಲಿನ ಬುಡದಲ್ಲಿ ಬಣ್ಣವನ್ನು ಕೆರೆದು ತಗಡಿಗೆ ಗಟ್ಟಿಯಾಗಿ ಕೂರಿಸುವುದು. ಬಾನೆಟ್ಟನ್ನು ಗಾಡಿಯ ಮೈಗೆ ಹೆಣೆದ ತಾಮ್ರದ ಪಟ್ಟಿಯಿಂದ ಬಂಧಿಸುವುದು. ಈ ಕೊನೆಯದನ್ನು ಕಂಡು ಮನೆಯವರಿಗೆ ಆಶ್ಚರ್ಯವಾಯಿತು. ಆದರೆ ಬಾನೆಟ್ಟು ಬಿಜಾಗರಿಯ ಗ್ರೀಸಿನ ಮೇಲೆ ತೇಲುತ್ತಿರುವ ತಗಡು. ಕಿಡಿಯನ್ನು ಮುಚ್ಚಿಡುವ ಮುಚ್ಚಳವಾಗಬೇಕಾದದ್ದು, ಬಂಧನವಿಲ್ಲದಿದ್ದರೆ ತಾನೇ ಇನ್ನೊಂದು ಏರಿಯಲ್ಲಾಗಿ ಗದ್ದಲವನ್ನು ಹೊರಸೂಸುತ್ತದೆ. ಆ ಕಾಲದ ಬಹಳ ಇಂಗ್ಲಿಷ್ ಗಾಡಿಗಳಂತೆ ಇದರಲ್ಲಿಯೂ ಬ್ಯಾಟರಿಯ ಧನದ ತುದಿ ಗಾಡಿಯ ಮೈಗೆ ಅರ್ತ್ ಆಗಿದೆ. ಇದನ್ನರಿಯದೆ ಈಗಿನ ಟ್ರಾನ್ಸಿಸ್ಟರ್ ರೇಡಿಯೋವನ್ನು ತಂದು ಕೂರಿಸಿದ್ದರೆ ಅದು ಸುಟ್ಟು ಕರಕಾಗುತ್ತಿತ್ತು.

ತಡೆಗಳ ಮಾತು ಬಂದಾಗ ಹಿರಿಯರು ಎದ್ದು ಬಂದರು. "ಕಿಡಿಗೆ ಕಟ್ಟೆ ಕಟ್ಟಿದರೆ ಗಾಡಿ ಘಾಟಿ ಹತ್ತುವುದುಂಟೋ?" ಎಂದರು. ಮೊದಲಿನವನ ಕೈಕೆಲಸದಿಂದ ಒಮ್ಮೆ ನಡುದಾರಿಯಲ್ಲಿ ನಿಂತವರು ಅವರು; ಸಂಶಯ ಸಹಜ. ಮೇಸ್ತ್ರಿ, "ಹತ್ತದಿದ್ದರೆ ನಾನೇ ನೂಕುತ್ತೇನೆ, ಅಜ್ಜ" ಎಂದನು. ವಿಷಯವೇನೆಂದರೆ, ಕಿಡಿಯಲ್ಲಿ ಒತ್ತಡ ಬಹಳ, ಹರಿವು ಅತ್ಯಲ್ಪ. ಆ ಅಲ್ಪವಾದ ಹರಿವಿಗೆ ಇಷ್ಟು ತಡೆ ಲೆಕ್ಕಕ್ಕೇ ಬಾರದು. ಮರುದಿನ ಮೂವರೂ ಮಡಿಕೇರಿಗೆ ಹತ್ತಿ ಇಳಿದು ಬಂದರು. ನೂಕುವ ಸಂದರ್ಭ ಬರಲಿಲ್ಲ. ಜೋಡುಪಾಲದ ಏರಿನಲ್ಲಿ ಎಂಜಿನು ಪೂರ್ಣಭಾರದಲ್ಲಿ ದುಡಿಯುತ್ತಿರುವಾಗಲೇ ಪ್ರದೇಶ ಸಮಾಚಾರ ಬಂದಿತು. ಹಿರಿಯರು ಕೊನೆಯವರೆಗೂ ಕೇಳಿ, ಸುದ್ದಿಯಲ್ಲಿ ಬಂದ ಯಾವುದೋ ಊರಿನ ಹೆಸರನ್ನು ಓದುವವರು ತಪ್ಪಾಗಿ ಉಚ್ಚರಿಸಿದರೆಂದು ಆಕ್ಷೇಪಿಸಿದರು. ಮನೆಯವರು ಅದನ್ನು ಹಬ್ಬದ ಸುದ್ದಿಯಂತೆ ಹೇಳಿಕೊಂಡರು.

2018ರ ಆಗಸ್ಟ್ ಬಂದಿತು. ಆ ಮಳೆಯ ವರ್ಣನೆ ಬೇಡ. ಕೊಡಗಿನವರಿಗೆ ಅದನ್ನು ಹೇಳತಕ್ಕದ್ದಿಲ್ಲ. ಜೋಡುಪಾಲ, ಮದೆನಾಡುಗಳ ಕಡೆ ಗುಡ್ಡಗಳು ಜರಿದು ಮನೆಗಳೂ ಮನುಷ್ಯರೂ ಹೋದರು. ಘಾಟಿಯ ರಸ್ತೆ ಕಡಿದುಹೋಯಿತು. ಹಿರಿಯರ ಮಗಳನ್ನು ಕೊಟ್ಟಿದ್ದುದು ಮದೆನಾಡಿನ ಆಚೆಗೆ. ಮನೆಯಲ್ಲಿ ವಿದ್ಯುತ್ತಿಲ್ಲ, ಮೊಬೈಲುಗಳಿಗೆ ಸಂಕೇತವಿಲ್ಲ, ಸಣ್ಣ ಟ್ರಾನ್ಸಿಸ್ಟರಿನ ಸೆಲ್ಲುಗಳು ಮೊದಲ ದಿನವೇ ತೀರಿದುವು, ಅಂಗಡಿಯಲ್ಲಿಯೂ ಇರಲಿಲ್ಲ. ಉಳಿದುದು ಕೊಟ್ಟಿಗೆಯ ಪಕ್ಕದಲ್ಲಿ ನಿಂತಿದ್ದ ಗಾಡಿ. ಹಿರಿಯರು ಕಂಬಳಿ ಹೊದ್ದು ಅದರಲ್ಲಿ ಕುಳಿತರು.

ವಾಲ್ವಿನ ರೇಡಿಯೋ ಬಲು ಹಸಿವಿನದು. ವಾಲ್ವುಗಳನ್ನು ಕಾಯಿಸಬೇಕು, 12 ವೋಲ್ಟನ್ನು ಹಲವು ಪಾಲು ಏರಿಸುವುದಕ್ಕೆ ವೈಬ್ರೇಟರೆಂಬ ನಡುಗುವ ನಾಲಗೆ ಬೇಕು. ನಾಲ್ಕಾರು ಗಂಟೆ ಕೇಳಿದರೆ ಹಳೆಯ ಬ್ಯಾಟರಿ ಬಳಲುತ್ತದೆ. ಬಳಲಿದ ಮೇಲೆ ಎಂಜಿನೂ ಹೊರಡದು, ರೇಡಿಯೋವೂ ಇಲ್ಲ. ಆದುದರಿಂದ ಆಗಾಗ ಎಂಜಿನನ್ನು ತಿರುಗಿಸಲೇಬೇಕಾಯಿತು. ಅದೂ ನಿಧಾನವಾಗಿ ಅಲ್ಲ, ಡೈನಮೋ ಊಡುವಷ್ಟು ವೇಗವಾಗಿ. ಪೆಟ್ರೋಲಾದರೋ ಮಿತ. ವಾರ್ತೆಯ ಹೊತ್ತಿಗೆ ಎಂಜಿನನ್ನು ಹೊರಡಿಸಿ, ವಾರ್ತೆ ಮುಗಿದೊಡನೆ ಎರಡನ್ನೂ ಆರಿಸುವುದೆಂದು ಮಗನು ಗೊತ್ತುಮಾಡಿದನು. ಹೀಗೆ ಒಂದೇ ಪೆಟ್ರೋಲಿನಲ್ಲಿ ಊಟವೂ ಕೇಳುವಿಕೆಯೂ ಆಗುತ್ತಿತ್ತು. ಹಿಂದಿನ ವರ್ಷದ ಕೆಲಸ ಆಗಿರದಿದ್ದರೆ, ಎಂಜಿನು ತಿರುಗುವಾಗ ಕೇಳುತ್ತಿದ್ದುದು ಬಾಣಲೆಯ ಸದ್ದೊಂದೇ.

ನೆರೆಯವರು ಕೊಡೆ ಹಿಡಿದುಕೊಂಡು ಗಾಡಿಯ ಸುತ್ತ ನಿಲ್ಲುತ್ತಿದ್ದರು. ಮಳೆಯ ಸದ್ದು, ಎಂಜಿನಿನ ಸದ್ದು. ಕಿಟಕಿ ತೆರೆದರೆ ನೀರು. ಕಿವಿಯನ್ನು ಪೆಟ್ಟಿಗೆಗೆ ಹತ್ತಿರವಿಟ್ಟು ಕುಳಿತವರು ಹಿರಿಯರೊಬ್ಬರೇ. ಅವರು ಕೇಳಿ, ಒಂದೊಂದು ವಾಕ್ಯವನ್ನೂ ಹೊರಗಿನವರಿಗೆ ಗಟ್ಟಿಯಾಗಿ ಹೇಳುತ್ತಿದ್ದರು: ಯಾವ ರಸ್ತೆ ಬಂದ್, ಎಲ್ಲಿ ಪರಿಹಾರ ಕೇಂದ್ರ, ಎಷ್ಟು ಮಂದಿ. ಅಂಚೆಯವರ ದನಿ, ವಿಳಾಸ ಓದಿದಂತೆ. ಮಗಳ ಊರಿನ ಹೆಸರಿಗಾಗಿ ಅವರು ಕಾಯುತ್ತಿದ್ದರೆಂಬುದು ಎಲ್ಲರಿಗೂ ಗೊತ್ತು. ಆ ಹೆಸರು ಬರಲಿಲ್ಲ. ಬಾರದಿದ್ದುದು ಒಳ್ಳೆಯದೋ ಕೆಟ್ಟದ್ದೋ ಯಾರು ಹೇಳಬೇಕು? ಎರಡನೆಯ ರಾತ್ರಿ ಮಗನು, "ಅಪ್ಪ, ಇನ್ನು ಒಳಗೆ ಬನ್ನಿ" ಎಂದನು. "ಇನ್ನೊಂದು ಸಲ ಇದೆ" ಎಂದರು. ನಾಲ್ಕನೆಯ ದಿನ ಮಗಳು ಬೇರೊಬ್ಬರ ಮೊಬೈಲಿನಿಂದ ಮಾತನಾಡಿದಳು. ತೋಟ ಜರಿದಿತ್ತು, ಮನೆ ನಿಂತಿತ್ತು, ಎಲ್ಲರೂ ಇದ್ದರು. ಸಂಕೇತ ಆಗಾಗ ಕಡಿಯುತ್ತಿದ್ದುದರಿಂದ ಅರ್ಧ ಮಾತು ಹೋಯಿತು. ಮಗನಿಗೆ ಹಿಡಿಯದ ಮಾತನ್ನೂ ತಂದೆ ಹಿಡಿದರಂತೆ.

ಅದಾದ ಮೇಲೆ ದೇಶದಲ್ಲಿ ಮಧ್ಯಮ ತರಂಗದ ಹಲವು ಪ್ರಸಾರಗಳು ನಿಂತಿವೆ. ಆಕಾಶವಾಣಿಯನ್ನು ಮೊಬೈಲಿನಲ್ಲಿ ಕೇಳುವ ಏರ್ಪಾಡಾಗಿದೆ. ಮೊಬೈಲಿಗೆ ಗೋಪುರ ಬೇಕು, ಗೋಪುರಕ್ಕೆ ವಿದ್ಯುತ್ತು ಬೇಕು, ಎಂಬುದನ್ನು ಲೆಕ್ಕ ಹಾಕಿದವರು ಘಾಟಿಯ ಮಳೆಯನ್ನು ಕಂಡವರಲ್ಲವೆಂದು ತೋರುತ್ತದೆ. ಮಾರಿಸ್ ಗಾಡಿಯ ರೇಡಿಯೋ ಈಗ ಗದ್ದಲವಿಲ್ಲದೆ ಇದೆ. ಹಗಲಿನಲ್ಲಿ ಮುಳ್ಳನ್ನು ತಿರುಗಿಸುತ್ತ ಹೋದರೆ ಬಹಳ ದೂರ ಬರಿಯ ಮೌನ, ರಾತ್ರಿಯಾದರೆ ಎಲ್ಲಿಂದಲೋ ಬರುವ ಪರದೇಶದ ದನಿಗಳು. ಮೇಸ್ತ್ರಿ ವರ್ಷಕ್ಕೊಮ್ಮೆ ಬಂದು ತಾಮ್ರದ ಪಟ್ಟಿಯ ಕಿಲುಬನ್ನು ಉಜ್ಜಿ ಹೋಗುತ್ತಾನೆ. ಒಂದು ದೋಷ ಮಾತ್ರ ಅವನಿಗೆ ಇನ್ನೂ ಸಿಕ್ಕಿಲ್ಲ: ಬೇಸಗೆಯಲ್ಲಿ ರಸ್ತೆ ಒಣಗಿರುವಾಗ, ಕೊಯನಾಡಿನಿಂದ ಇಳಿಯುವಲ್ಲಿ, ಮುಂದಣ ಚಕ್ರದ ಕಡೆಯಿಂದ ಬರುವ ಸಣ್ಣ ಚಿಟಪಟ. ಟೈರಿನಲ್ಲಿ ಕೂಡಿಕೊಂಡ ವಿದ್ಯುತ್ತು ಗ್ರೀಸನ್ನು ಹಾರಿ ಬರುವುದಿರಬೇಕೆಂದು ಅವನ ಊಹೆ. ಮಳೆ ಬಿದ್ದರೆ ತಾನಾಗಿ ನಿಲ್ಲುತ್ತದೆ.